ಕೊಚ್ಕೋರಿನ ಅಂಗಳದಲ್ಲಿ ಬಿಚ್ಚಿದ ಬ್ಲೋವರ್

ಬಿಷ್ಕೆಕ್

ಕಿರ್ಗಿಸ್ತಾನ ನೋಡಲೇಬೇಕೆಂದು ಹಟ ಹಿಡಿದು ಹೋದವಳಲ್ಲ ನಾನು. ನನ್ನ ಸೋದರಮಾವ ರಂಗಸ್ವಾಮಿಯವರ ಮಗಳು ಚೈತ್ರ ಅಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಮಾವನಿಗೆ ತಿಪಟೂರಿನಲ್ಲಿ ಕೊಬ್ಬರಿ ಮಂಡಿ. ಮಗಳನ್ನು ನೋಡಲು ಅವರೂ ಜಯಮ್ಮ ಅತ್ತೆಯೂ ಹೊರಟಾಗ ಇಂಗ್ಲಿಷ್ ಬರುವವರೊಬ್ಬರು ಜೊತೆಗಿರಲಿ ಎಂದು ನನ್ನನ್ನು ಕರೆದರು. “ಓದ್ಕಂಡಿದೀಯ, ಬಾ. ಅಲ್ಲಿ ಬೋರ್ಡು ಗೀರ್ಡು ಓದಿ ಹೇಳೀವಂತೆ” ಅಂದರು. ಹೋದೆ. ಅಲ್ಲಿ ಬೋರ್ಡುಗಳೆಲ್ಲ ರಷ್ಯನ್ ಲಿಪಿಯಲ್ಲಿದ್ದವು. ನನಗೂ ಓದಲು ಬರಲಿಲ್ಲ. ಮಾವನಿಗೆ ಅದರಿಂದ ಒಳಗೊಳಗೇ ಖುಷಿಯಾದದ್ದು ಮುಖದಲ್ಲಿ ಕಾಣುತ್ತಿತ್ತು.

ನಾನು ಯಾರೆಂದು ಇಲ್ಲೇ ಹೇಳಿಬಿಡುತ್ತೇನೆ. ಹೆಸರು ಭಾಗ್ಯ, ಹಂದನಕೆರೆ ಪಕ್ಕದ ಊರು. ಅಪ್ಪ ಊರೂರಿನ ತೆಂಗಿನ ತೋಟಗಳಿಗೆ ಹೋಗಿ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸುಲಿಯುತ್ತಿದ್ದರು. ಅವ್ವ ಗರಿಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟುತ್ತಿದ್ದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಈಗ ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಸೀಟು ಸಿಕ್ಕ ದಿನ ಮಾವ ಮನೆಗೆ ಬಂದು, ಹೆಣ್ಣು ಕೈಯಲ್ಲಿ ಸ್ಪ್ಯಾನರ್ ಹಿಡಿದರೆ ಯಾರು ಕಟ್ಟಿಕೊಳ್ಳುತ್ತಾರೆ, ಟೀಚರ್ ಟ್ರೈನಿಂಗಿಗೆ ಹಾಕು ಎಂದು ಅವ್ವನಿಗೆ ಹೇಳಿ ಹೋಗಿದ್ದರು. ಅವ್ವ ಪೊರಕೆ ಕಟ್ಟುವುದನ್ನು ನಿಲ್ಲಿಸದೆ ಹೂಂ ಅಂದಳು. ಮರುದಿನ ನನ್ನನ್ನು ಬಸ್ಸು ಹತ್ತಿಸಿದಳು. ಇದನ್ನು ಜಂಬಕ್ಕೇ ಹೇಳುತ್ತಿದ್ದೇನೆ. ಸಂಕೋಚಪಟ್ಟುಕೊಂಡು ಹೇಳುವಷ್ಟು ಸುಲಭಕ್ಕೆ ಸಿಕ್ಕಿದ್ದಲ್ಲ.

ಚೈತ್ರಳಿಗೆ ಪರೀಕ್ಷೆ ಹತ್ತಿರವಿತ್ತು. ನಾವು ಮೂವರೇ ಬೆಟ್ಟದ ಕಡೆ ಸುತ್ತಿ ಬರಲೆಂದು ಅವಳು ಒಂದು ಟ್ರಾವೆಲ್ಸ್‌ನವರಿಗೆ ಹೇಳಿದ್ದಳು. ಅತ್ತೆ ಮಗಳ ಫೋನಿನಲ್ಲಿ ಒಂದು ಚಿತ್ರ ನೋಡಿದ್ದರು: ಬೋಳು ಬೆಟ್ಟಗಳ ನಡುವೆ ಒಂಟಿಯಾಗಿ ಕೂತ ಕಲ್ಲಿನ ಛತ್ರ. ಹಿಂದಿನ ಕಾಲದ ವ್ಯಾಪಾರಿಗಳು ಒಂಟೆ ಕಟ್ಟಿ ಮಲಗುತ್ತಿದ್ದ ಜಾಗವಂತೆ. ತಾಷ್ ರಬಾತ್ ಎಂದು ಹೆಸರು. ಅದೊಂದು ನೋಡಿದರೆ ಸಾಕು ಅನ್ನುವುದು ಅತ್ತೆಯ ಆಸೆ.

ಬೂಮ್ ಕಣಿವೆಯಿಂದ ಬಾಲಿಕ್ಚಿಗೆ

ನಮ್ಮನ್ನು ಕರೆದೊಯ್ಯಲು ಬಂದವರು ಬಕಿತ್. ಐವತ್ತರ ಆಸುಪಾಸಿನ ಮನುಷ್ಯ, ಕೆಂಪು ಕೆನ್ನೆ, ಇಂಗ್ಲಿಷು ಅಲ್ಲೊಂದು ಇಲ್ಲೊಂದು. ಉಳಿದದ್ದಕ್ಕೆ ಫೋನಿನೊಳಗಿನ ಅನುವಾದದ ಹೆಂಗಸಿದ್ದಳು. ಅವಳ ಕನ್ನಡ ಶಾಲೆಯ ಪ್ರಬಂಧದ ಹಾಗಿತ್ತು. ಗಾಡಿ ಜಪಾನಿನಿಂದ ಬಂದ ಹಳೆಯ ನಾಲ್ಕೂ ಚಕ್ರ ಎಳೆಯುವ ಜೀಪು, ಬಕಿತ್‌ರ ಸ್ವಂತದ್ದು. ಬಾಗಿಲು ಹಾಕಿದರೆ ಕಬ್ಬಿಣದ ಬೀರು ಮುಚ್ಚಿದ ಸದ್ದು. ನನಗೆ ನೋಡಿದ ಕೂಡಲೇ ಇಷ್ಟವಾಯಿತು.

ಅಲ್ಲಿ ರಸ್ತೆಯ ಬಲಕ್ಕೆ ಓಡಿಸುತ್ತಾರೆ. ಆದರೆ ಇಂಥ ಜಪಾನಿ ಗಾಡಿಗಳಲ್ಲಿ ಸ್ಟೀರಿಂಗ್ ನಮ್ಮಲ್ಲಿಯ ಹಾಗೆ ಬಲಗಡೆಯೇ. ಹಾಗಾಗಿ ಮುಂದಿನ ಲಾರಿ ದಾಟಬೇಕಾದರೆ ಎದುರು ಬರುವುದು ಡ್ರೈವರಿಗೆ ಕಾಣುವುದಿಲ್ಲ, ಎಡಗಡೆ ಕೂತವನಿಗೆ ಕಾಣುತ್ತದೆ. ಎಡಗಡೆ ಕೂತವರು ಮಾವ. ಮೊದಲು ಎದುರು ಬರುವ ಲಾರಿಗಳನ್ನು ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಕತ್ತು ಚಾಚಿ “ಹೋಗ್ಲಾ ಹೋಗ್ಲಾ, ಖಾಲಿ ಐತೆ” ಎಂದು ದಾರಿ ಹೇಳತೊಡಗಿದರು. ಬಕಿತ್‌ಗೆ ಆ ಕನ್ನಡ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಮಾವನಿಗೆ ಇದ್ದ ತಕರಾರು ಒಂದೇ. ಹೀಟರಿನ ಬಿಸಿಗಾಳಿ ಊದುವ ಫ್ಯಾನು, ಅಂದರೆ ಬ್ಲೋವರು, ಕಿರ್ ಕಿರ್ ಎನ್ನುತ್ತಿತ್ತು. ಅದು ಅವರ ಕಾಲ ಬಳಿಯೇ, ಡ್ಯಾಶ್‌ಬೋರ್ಡಿನ ಕೆಳಗಿತ್ತು. ಬೂಮ್ ಕಣಿವೆ ಅಂದರೆ ಎರಡೂ ಕಡೆ ತುಕ್ಕು ಬಣ್ಣದ ಕಲ್ಲಿನ ಗೋಡೆ, ತಳದಲ್ಲಿ ಹಸಿರು ನೀರಿನ ಹೊಳೆ. ಅದನ್ನು ನೋಡದೆ ಮಾವ ಉದ್ದಕ್ಕೂ ಕಿರ್ ಕಿರ್ ಬಗ್ಗೆಯೇ ಮಾತಾಡಿದರು. ನಮ್ಮೂರ ಬಾವಿಯ ರಾಟೆಯಾದರೂ ಇದಕ್ಕಿಂತ ಇಂಪಾಗಿ ಅಳುತ್ತದೆ ಅಂದರು.

ಬಾಲಿಕ್ಚಿ ಎಂಬ ಊರಿನಲ್ಲಿ ಚಹಾಕ್ಕೆ ನಿಂತೆವು. ದೊಡ್ಡ ಸರೋವರ ಶುರುವಾಗುವ ಜಾಗ. ರಸ್ತೆ ಬದಿಯಲ್ಲಿ ಹೆಂಗಸರು ಹೊಗೆಯಲ್ಲಿ ಒಣಗಿಸಿದ ಮೀನನ್ನು ದಾರಕ್ಕೆ ಪೋಣಿಸಿ ನೇತು ಹಾಕಿದ್ದರು. ಮಂಡಿ ನೋವು, ಚಳಿ ಎಂದು ಮಾವ ಗಾಡಿಯಿಂದ ಇಳಿಯಲಿಲ್ಲ. ನಾವು ಚಹಾ ಕುಡಿದು ಬಂದು ಹತ್ತಿದಾಗ ಕಿರ್ ಕಿರ್ ನಿಂತಿತ್ತು. ಬಕಿತ್ ಹುಬ್ಬೇರಿಸಿ ಡ್ಯಾಶ್‌ಬೋರ್ಡು ತಟ್ಟಿದರು. ಮಾವ ಮೀಸೆಯಡಿಯಲ್ಲಿ ನಕ್ಕು, “ಗದರ್ಸ್ದೆ ಕಣೇ. ಸುಮ್ಕಾತು” ಅಂದರು. ತಮಾಷೆ ಅಂದುಕೊಂಡೆವು.

ಕೊಚ್ಕೋರ್

ಕೊಚ್ಕೋರ್ ಬೆಟ್ಟಗಳ ನಡುವಿನ ತಟ್ಟೆಯಂಥ ಊರು. ಮುಂದೆ ದೊಲೋನ್ ಘಟ್ಟ, ಅದನ್ನು ದಾಟಿದರೆ ನರಿನ್, ಅಲ್ಲಿಂದಾಚೆ ಅತ್ತೆಯ ಕಲ್ಲಿನ ಛತ್ರ. ನಾವು ಉಳಿದದ್ದು ಗುಲ್ಮಿರಾ ಎಂಬ ಹೆಂಗಸಿನ ಮನೆಯಲ್ಲಿ. ನೀಲಿ ಕಿಟಕಿ, ಅಂಗಳದಲ್ಲಿ ಸೇಬಿನ ಮರ, ಗೋಡೆಗೆ ಉಣ್ಣೆಯ ಜಮಖಾನ.

ಚಹಾ ಪಿಂಗಾಣಿ ಬಟ್ಟಲಿನಲ್ಲಿ ಬಂತು, ಅರ್ಧಕ್ಕೂ ಕಡಿಮೆ. ಮಾವ ಬಟ್ಟಲನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು. ನಮ್ಮಲ್ಲಿ ಅರ್ಧ ಲೋಟ ಕಾಫಿ ಕೊಟ್ಟರೆ ಅದೇ ಮಾತು ವರ್ಷಾನುಗಟ್ಟಲೆ ಓಡಾಡುತ್ತದೆ. ಅವರು ಕೈಸನ್ನೆ ಮಾಡಿ ಅಂಚಿನವರೆಗೆ ತುಂಬಿಸಿಕೊಂಡರು. ಗುಲ್ಮಿರಾ ಬಾಯಿಗೆ ಸೆರಗು ಹಿಡಿದಂತೆ ಶಾಲು ಹಿಡಿದು ನಕ್ಕಳು. ಬಕಿತ್ ವಿವರಿಸಿದ ಮೇಲೆ ತಿಳಿಯಿತು: ಅಲ್ಲಿ ಸ್ವಲ್ಪ ಸ್ವಲ್ಪವೇ ಸುರಿಯುವುದು ಮರ್ಯಾದೆ. ಮತ್ತೆ ಮತ್ತೆ ಬಡಿಸಲು ನನಗೆ ಬೇಸರವಿಲ್ಲ ಎಂದು ಅರ್ಥ. ತುಂಬಾ ಸುರಿದರೆ, ಇದು ಕುಡಿದು ಎದ್ದು ಹೋಗಿ ಎಂದಂತೆ. ಮಾವ ತುಂಬಿದ ಬಟ್ಟಲನ್ನು ಏನೂ ಆಗದವರಂತೆ ಕುಡಿದು ಮುಗಿಸಿದರು. ಎದ್ದು ಹೋಗಲಿಲ್ಲ.

ಬೆಳಿಗ್ಗೆ ಅಂಗಳದ ಬಕೆಟ್ಟಿನ ನೀರು ಗಾಜಾಗಿತ್ತು. ಗಾಡಿ ಶುರುವಾಯಿತು, ಆದರೆ ಬ್ಲೋವರು ತಿರುಗಲಿಲ್ಲ. ಕಿರ್ ಅನ್ನಲೂ ಇಲ್ಲ. ಸ್ವಲ್ಪ ದೂರ ಹೋದರೆ ಸರಿಯಾಗಬಹುದೆಂದು ಹೊರಟೆವು. ಊರು ದಾಟುವಷ್ಟರಲ್ಲಿ ನಾಲ್ವರ ಉಸಿರೂ ಮುಂದಿನ ಗಾಜಿನ ಮೇಲೆ ಬೆಳ್ಳಗೆ ಕೂತಿತು. ಬಕಿತ್ ತೋಳಿನಿಂದ ಒರೆಸಿದರೆ ಮತ್ತೆ ಕೂರುತ್ತಿತ್ತು. ಹೀಗೆ ಕಣ್ಣು ಕಟ್ಟಿಕೊಂಡು ಘಟ್ಟ ಹತ್ತುವುದು ಆಗದ ಮಾತು. ವಾಪಸು ಬಂದೆವು.

ಮಾವ ಇಳಿದವರೇ ಚೈತ್ರಳಿಗೆ ಫೋನು ಮಾಡಿದರು. ಅವಳು ಟ್ರಾವೆಲ್ಸ್ ಮ್ಯಾನೇಜರಿಗೆ ಮಾಡಿದಳು. ಮ್ಯಾನೇಜರ್ ಬಕಿತ್‌ಗೆ ಮಾಡಿದ. ಬಕಿತ್ ಅಂಗಳದಲ್ಲಿ ನಿಂತು ಕೇಳಿಸಿಕೊಂಡರು. ಫೋನು ಇಟ್ಟ ಮೇಲೆ ಒಂದು ಚಕ್ರವನ್ನು ಕಾಲಿನಿಂದ ಸುಮ್ಮನೆ ಒತ್ತುತ್ತಾ ನಿಂತರು. ಏನಾಯಿತು ಎಂದು ಕೇಳಿದೆ. ಅವರು ತಮ್ಮ ಭಾಷೆಯಲ್ಲಿ ಫೋನಿಗೆ ಹೇಳಿದರು. ಫೋನಿನ ಹೆಂಗಸು ಅಚ್ಚುಕಟ್ಟಾಗಿ ಓದಿದಳು:

“ಬೇರೆ ವಾಹನ ಬಿಷ್ಕೆಕ್‌ನಿಂದ ಹೊರಟಿದೆ. ನನ್ನನ್ನು ಇನ್ನು ಮುಂದೆ ಕರೆಯುವುದಿಲ್ಲ. ವಾಹನ ಹಳೆಯದು ಎಂದು ಅತಿಥಿಗಳು ದೂರಿದ್ದಾರೆ. ವಾಹನ ಹಳೆಯದು, ನಿಜ. ಕೆಟ್ಟದ್ದಲ್ಲ.”

ಈ ಟ್ರಾವೆಲ್ಸ್ ಬಿಟ್ಟರೆ ಅವರಿಗೆ ಬೇರೆ ಬಾಡಿಗೆಯಿಲ್ಲ ಎಂದು ಗುಲ್ಮಿರಾ ಆಮೇಲೆ ಹೇಳಿದಳು.

ಮಾವನನ್ನು ಕೇಳಿದೆ. “ಗುಜರಿ ಗಾಡಿ ಕಳಿಸವ್ರೆ ಅಂದೆ. ತಪ್ಪೇನು? ಹೊಸಾದು ಬತ್ತೈತೆ ಬುಡು” ಅಂದರು.

ನಾನು ಮ್ಯಾನೇಜರಿಗೇ ಫೋನು ಮಾಡಿದೆ. ಹೊಸ ಗಾಡಿ ಬರುವುದರೊಳಗೆ ಇದನ್ನು ನೋಡುತ್ತೇನೆ ಅಂದೆ. ಅವನು ಸಕ್ಕರೆಯಂಥ ಇಂಗ್ಲಿಷಿನಲ್ಲಿ, ಮೇಡಂ ನೀವು ಅತಿಥಿಗಳು, ಒಳಗೆ ಕೂತು ಚಹಾ ಕುಡಿಯಿರಿ ಅಂದ. ಕುಡಿದಾಗಿದೆ ಎಂದು ಫೋನು ಇಟ್ಟೆ.

ಅಂಗಳ

ಬಕಿತ್‌ಗೂ ಮೊದಲು ಒಪ್ಪಿಗೆ ಇರಲಿಲ್ಲ. ಅತಿಥಿ, ಅದರಲ್ಲೂ ಹೆಂಗಸು, ಗಾಡಿಯ ಕೆಳಗೆ ತಲೆ ಹಾಕುವುದೆಂದರೆ ಅವರಿಗೆ ಅವಮಾನ. ಮೋಟಾರು ಸುಟ್ಟಿರಬೇಕು, ಬಜಾರಿನಲ್ಲಿ ಹಳೇದು ಸಿಗುತ್ತದೋ ನೋಡುತ್ತೇನೆ ಅಂದರು. ಸುಟ್ಟಿದೆ ಎಂದು ಹೇಳಿದವರು ಯಾರು, ಮೊದಲು ನೋಡೋಣ ಎಂದು ನಾನು ಸ್ವೆಟರಿನ ತೋಳು ಮಡಚಿದೆ. ಅವರು ನನ್ನ ಕೈಗಳನ್ನು ನೋಡಿದರು. ಮೂಲೆಗಳಲ್ಲಿ ಗ್ರೀಸು ಕೂತ ಉಗುರುಗಳು, ಎಷ್ಟು ತೊಳೆದರೂ ಹೋಗುವುದಿಲ್ಲ. ಟೂಲ್ ಬ್ಯಾಗು ತಂದು ಜಮಖಾನದ ತುಂಡಿನ ಮೇಲೆ ಬಿಚ್ಚಿಟ್ಟರು.

ಮೊದಲು ಫ್ಯೂಸು. ಹೋಗಿತ್ತು. ಬಕಿತ್ ಬಳಿ ಇದ್ದ ಒಂದೇ ಸ್ಪೇರ್ ಹಾಕಿ ಸ್ವಿಚ್ಚು ಒತ್ತಿದೆವು. ಅದೂ ಟಪ್ ಎಂದು ಹೋಯಿತು. ಮಾವ ಜಗಲಿಯ ಮೇಲಿಂದ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಹಾಕು, ನಮ್ಮ ಟ್ರ್ಯಾಕ್ಟರಿಗೆಲ್ಲ ಹಂಗೇ ಹಾಕುವುದು ಅಂದರು. ಹಾಗೆ ಹಾಕಿದ ಟ್ರ್ಯಾಕ್ಟರಿನ ವೈರು ಸುಟ್ಟು ಕಂದಿಕೆರೆಯ ಶೆಡ್ಡೊಂದು ಹೊತ್ತಿ ಉರಿದದ್ದು ಅವರಿಗೂ ಗೊತ್ತಿತ್ತು. ನಾನು ತಲೆ ಎತ್ತಲಿಲ್ಲ.

ಸಿಗರೇಟು ಹಚ್ಚುವ ಸಾಕೆಟ್ಟಿಗೂ ಅದೇ ಅಳತೆಯ ಫ್ಯೂಸು ಇತ್ತು. ಅದನ್ನು ಕಿತ್ತು ತಂದೆ. ಇದೂ ಹೋದರೆ ಬೇರೆ ಇಲ್ಲ. ಅದಕ್ಕೇ ಈ ಸಲ ಮೊದಲು ಮೋಟಾರಿನ ವೈರು ಕಳಚಿ, ಆ ವೈರಿನ ತುದಿಗೆ ಬಕಿತ್‌ರ ಟೂಲ್ ಬ್ಯಾಗಿನಲ್ಲಿದ್ದ ಟೆಸ್ಟಿಂಗ್ ಬಲ್ಬು ಸಿಕ್ಕಿಸಿ, ಆಮೇಲೆ ಸ್ವಿಚ್ಚು ಹಾಕಿದೆ. ಫ್ಯೂಸು ಉಳಿಯಿತು. ಒಂದನೇ ಸ್ಪೀಡಿಗೆ ಬಲ್ಬು ಮಂಕಾಗಿ, ಎರಡಕ್ಕೆ ಇನ್ನಷ್ಟು ಬೆಳ್ಳಗೆ, ಮೂರಕ್ಕೆ ಪೂರ್ತಿ ಉರಿಯಿತು. ಅಂದರೆ ವೈರು ಸರಿ, ಸ್ವಿಚ್ಚು ಸರಿ. ತೊಂದರೆ ಮೋಟಾರಿನಲ್ಲಿ. ಅದು ಸುಟ್ಟಿರಬೇಕು, ಇಲ್ಲವೇ ಯಾವುದೋ ಅದನ್ನು ಬಿಗಿಯಾಗಿ ಹಿಡಿದಿರಬೇಕು. ತಿರುಗಲಾಗದ ಮೋಟಾರು ಕರೆಂಟನ್ನು ಗಟಗಟ ಕುಡಿದು ಫ್ಯೂಸು ಸುಡುತ್ತದೆ. ಬಕಿತ್ ಮೂಗನ್ನು ಹತ್ತಿರ ಒಯ್ದು ಮೂಸಿ, ಸುಟ್ಟ ವಾಸನೆಯಿಲ್ಲ ಎಂದು ತಲೆಯಾಡಿಸಿದರು. ಆಗ ನಮ್ಮಿಬ್ಬರಿಗೂ ಹುರುಪು ಬಂತು.

ಮಾವನ ಸೀಟಿನ ಮುಂದೆ ಮೈ ಮುದುರಿ, ತಲೆ ಕೆಳಗೆ ಮಾಡಿ ಮಲಗಿದೆ. ಮೋಟಾರು ಕೆಳಗಿನಿಂದ ಕೂರಿಸುವಂಥದ್ದು, ಮೂರು ಸ್ಕ್ರೂ. ಎರಡು ಬಂದವು. ಮೂರನೆಯದಕ್ಕೆ ಬಕಿತ್ ಸ್ಪ್ಯಾನರ್ ಹಿಡಿದು, “ಕರಿಂದಾಷ್” ಎಂದು ತಮ್ಮ ಕಣ್ಣು ತೋರಿಸಿದರು. ಕರಿಂದಾಷ್ ಅಂದರೆ ತಂಗಿ. ಕಣ್ಣಿಗೆ ತುಕ್ಕು ಬೀಳದಂತೆ ನೋಡಿಕೋ ಎಂದು ಅರ್ಥ. ಮೋಟಾರು ಇಳಿಯಲಿಲ್ಲ, ಅಂಟಿಕೊಂಡಿತ್ತು. ಸುತ್ತ ಅಲ್ಲಾಡಿಸಿ ಎಳೆದೆ. ಕಚ್ ಎಂದು ಬಿಟ್ಟುಕೊಂಡು ಕೈಗೆ ಬಂತು. ಜೊತೆಗೇ ಒಂದು ವಾಸನೆ.

ಆ ವಾಸನೆಯನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ತಿಪಟೂರು, ತುರುವೇಕೆರೆ ಕಡೆ ಹುಟ್ಟಿದ ಯಾರಾದರೂ ಗುರುತಿಸಬಲ್ಲರು. ಫ್ಯಾನಿನ ಬುಡದ ಸುತ್ತ ಬೆಳ್ಳಗೆ, ಮೇಣದ ಹಾಗೆ ಗಟ್ಟಿಯಾಗಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಕೂತಿತ್ತು. ಫ್ಯಾನು ಅದರಲ್ಲಿ ಹೂತುಹೋಗಿತ್ತು. ಬೆರಳಿನಿಂದ ತಳ್ಳಿದರೂ ಅಲ್ಲಾಡಲಿಲ್ಲ. ಬಕಿತ್ ಒಂದು ಚೂರು ಕೆರೆದು ಮೂಸಿ, ಇದು ಏನು ಎಂಬಂತೆ ನನ್ನನ್ನು ನೋಡಿದರು. ಕುರಿಯ ಕೊಬ್ಬು ಅಂದುಕೊಂಡರೋ ಏನೋ.

ನಾನು ಜಗಲಿಯ ಕಡೆ ನೋಡಿದೆ. ಮಾವ ಸೇಬಿನ ಮರ ನೋಡುತ್ತಿದ್ದರು.

ಬಾಲಿಕ್ಚಿಯಲ್ಲಿ ಅವರು ಗಾಡಿಯಲ್ಲೇ ಕೂತಿದ್ದೇಕೆಂದು ಈಗ ತಿಳಿಯಿತು. ತಲೆಗೆ, ಮಂಡಿಗೆ ಎಂದು ಎಣ್ಣೆಯ ಬಾಟಲಿ ಅವರ ಕೋಟಿನ ಒಳಜೇಬಿನಲ್ಲೇ ಇರುತ್ತಿತ್ತು. ಮೈಯ ಕಾವಿಗೆ ಕರಗಿಯೇ ಇರುತ್ತಿತ್ತು. ಕಾಲ ಬಳಿಯ ಜಾಲರಿಯಿಂದ ಅದನ್ನು ಹೊಯ್ದಿದ್ದರು, ಧಾರಾಳವಾಗಿ. ನಮ್ಮ ಕಡೆ ಬಾಗಿಲ ತಿರುಗಣೆಗೆ, ಹೊಲಿಗೆ ಯಂತ್ರಕ್ಕೆ, ಸೈಕಲ್ ಚೈನಿಗೆ ಎಲ್ಲಕ್ಕೂ ಅದೇ. ಬಿಸಿಗಾಳಿ ಇರುವವರೆಗೆ ಎಣ್ಣೆಯೂ ನೀರಾಗಿತ್ತು, ಸದ್ದು ನಿಂತಿತ್ತು. ರಾತ್ರಿಯ ಚಳಿಗೆ ಕಲ್ಲಾಯಿತು. ಡಿಸೆಂಬರಿನ ಬೆಳಿಗ್ಗೆ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸುವ ಜನ ನಾವು. ಆದರೂ ಮಾವನಿಗೆ ಹೊಳೆಯಲಿಲ್ಲ.

ಗುಲ್ಮಿರಾ ಬಿಸಿನೀರು ತಂದಳು. ಹಿತ್ತಾಳೆಯ ಪಾತ್ರೆಯನ್ನು ಮೋಟಾರಿನ ಪಕ್ಕ ಹಿಡಿದು ಕಾಯಿಸಿದೆವು, ಒಳಗೆ ನೀರು ಹೋಗದಂತೆ. ಕರಗಿದ್ದನ್ನು ಬಟ್ಟೆಯಲ್ಲಿ ಒರೆಸಿ ಒರೆಸಿ ತೆಗೆದೆವು. ಫ್ಯಾನಿನ ಪಟ್ಟಿಗಳ ನಡುವೆ ಒಂದು ಒಣ ಎಲೆಯ ತೊಟ್ಟು ಸಿಕ್ಕಿಕೊಂಡಿತ್ತು. ಇಡೀ ಬೂಮ್ ಕಣಿವೆಯಲ್ಲಿ ಕಿರ್ ಕಿರ್ ಎಂದದ್ದು ಅದೇ. ತೆಗೆದು ಬಿಸಾಡಿದೆ. ಬೆರಳಲ್ಲಿ ತಟ್ಟಿದರೆ ಫ್ಯಾನು ಸರಾಗ ತಿರುಗಿತು. ಕೂರಿಸಿ, ವೈರು ಸಿಕ್ಕಿಸಿ, ಆ ಕೊನೆಯ ಫ್ಯೂಸಿನ ಮೇಲೆ ಭಾರ ಹಾಕಿ ಸ್ವಿಚ್ಚು ಒತ್ತಿದೆ. ಗಾಳಿ ಬಂತು. ಗಾಡಿಯ ತುಂಬ ಎಣ್ಣೆ ಸ್ನಾನದ ಹಬ್ಬದ ವಾಸನೆ ಹರಡಿತು.

ಇನ್ನು ಉಳಿದದ್ದು ಬಕಿತ್‌ರ ವಿಷಯ. ಗಾಡಿ ಸರಿಯಾಯಿತು, ಡ್ರೈವರದೇನೂ ತಪ್ಪಿಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಅವನು ಕೇಳಲಿಲ್ಲ. ದೂರು ಕೊಟ್ಟ ಅತಿಥಿಯೇ ವಾಪಸು ತೆಗೆದುಕೊಳ್ಳಬೇಕು, ನಡುವೆ ನೀವು ಹೇಳಿದರೆ ನಡೆಯುವುದಿಲ್ಲ ಅಂದ. ಫೋನನ್ನು ಮಾವನ ಮುಂದೆ ಹಿಡಿದೆ. ಅವರು ಅದನ್ನು ಕೈಯಿಂದ ತಳ್ಳಿ, ನನ್ನನ್ನು ಬೇಲಿಯ ಕಡೆ ಕರೆದುಕೊಂಡು ಹೋದರು.

“ಸುಟ್ಟೋಗಿತ್ತು, ಸರಿ ಮಾಡ್ದೆ ಅನ್ನು. ಎಣ್ಣೆ ಸುದ್ದಿ ಯಾಕೆ? ನಾಳಿದ್ದು ನಾವು ಊರಿಗೆ ಹೋಗೋರು. ಇವ್ನ ಮಕ ಯಾರು ನೋಡ್ತಾರೆ?”

“ಹೊಸ ಗಾಡಿ ಬಂದ್ರೆ ಇವ್ರು ಕೆಲಸ ಕಳ್ಕತಾರೆ ಮಾವ. ನೀವು ಹೇಳೋ ತಂಕ ನಾನು ಯಾವ ಗಾಡೀನೂ ಹತ್ತಲ್ಲ.”

“ಒಬ್ಬ ಡ್ರೈವರ್ ಮುಂದೆ ಸೋದರಮಾವನ ಮರ್ಯಾದೆ ಕಳೀತೀಯಾ? ನಿನ್ನ ಓದ್ಸಿದ್ದು ತಪ್ಪಾತು ಕಣೇ.”

“ಓದ್ಸಿದ್ದು ನೀವಲ್ಲ. ನಮ್ಮವ್ವ.”

ಇದನ್ನು ನಾನು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಬೇಕಾದ ವರ್ಷಗಳೆಲ್ಲ ಕಳೆದಿದ್ದವು. ನಾನು ಹೋಗಿ ಗಾಡಿಯ ಬಂಪರಿನ ಮೇಲೆ ಕೂತೆ. ಬಕಿತ್ ಏನೂ ಅರ್ಥವಾಗದವರಂತೆ ಟೂಲುಗಳನ್ನು ಒಂದೊಂದೇ ಒರೆಸುತ್ತಿದ್ದರು. ಆದರೆ ಎಲ್ಲ ಅರ್ಥವಾಗಿತ್ತು. ಬಟ್ಟೆಯಲ್ಲಿ ಅಂಟಿದ್ದ ಬಿಳಿ ಎಣ್ಣೆಯನ್ನೂ ಮಾವನ ಕೋಟಿನ ಜೇಬನ್ನೂ ಅವರು ಒಂದು ಸಲ ನೋಡಿದ್ದನ್ನು ನಾನು ಕಂಡಿದ್ದೆ. ಅವರು ಕೇಳಲಿಲ್ಲ. ಅತಿಥಿಯನ್ನು ಕೇಳಬಾರದು ಎಂಬುದು ಅವರ ಕಡೆಯ ಕಟ್ಟಳೆ.

ಅತ್ತೆ ಅಷ್ಟು ಹೊತ್ತೂ ಗುಲ್ಮಿರಾಳ ಜೊತೆ ಸೇಬು ಹೆಚ್ಚುತ್ತಾ ಕೂತಿದ್ದರು. ಅವರು ಗಂಡನ ಎದುರು ದನಿ ಎತ್ತಿದ್ದನ್ನು ನಾನು ಎಂದೂ ಕೇಳಿಲ್ಲ. ಚಾಕು ಕೆಳಗಿಟ್ಟು ಬಂದು ಮಾವನೆದುರು ನಿಂತರು.

“ಮಂಡೀಲಿ ಹಮಾಲಿ ಒಂದ್ ಮೂಟೆ ಕೆಡವಿದ್ರೆ ಸಂತೆಗೆ ಕೇಳಂಗೆ ಕೂಗ್ತೀರಲ್ಲ. ನಿಮ್ದು ಅಂದ್ರೆ ಗಂಟ್ಲು ಕಟ್ಕತಾ? ಮಾತಾಡಿ ಅತ್ಲಾಗೆ. ಆ ಛತ್ರ ನೋಡ್ದೆ ನಾನು ಊರಿಗೆ ಬರಾಕಿಲ್ಲ.”

ರಸ್ತೆಯಲ್ಲಿ ಯಾವುದೋ ಗಾಡಿಯ ಸದ್ದಾದಾಗಲೆಲ್ಲ ಎಲ್ಲರೂ ಗೇಟಿನ ಕಡೆ ನೋಡುತ್ತಿದ್ದೆವು. ಕೊನೆಗೆ ಮಾವ ಕೈ ಚಾಚಿದರು. ನಾನು ಮ್ಯಾನೇಜರಿಗೆ ಫೋನು ಹಚ್ಚಿ ಕೊಟ್ಟೆ. ಕೊಬ್ಬರಿ ಕೊಳ್ಳಲು ಬರುವ ಉತ್ತರದ ವ್ಯಾಪಾರಿಗಳ ಜೊತೆ ಆಡುವ ಇಂಗ್ಲಿಷನ್ನು ಮಾವ ಆಡಿದರು:

“ಹಲೋ. ಡ್ರೈವರ್ ಗುಡ್. ಕಾರ್ ಗುಡ್. ಆಯಿಲ್... ಮೈ ಆಯಿಲ್. ಐ ಪುಟ್. ನೋ ಅದರ್ ಕಾರ್. ಸೇಮ್ ಡ್ರೈವರ್.”

ಅತ್ತ ಅವನು ಏನೋ ಕೇಳಿದ. ಮಾವ “ಎಸ್, ಐ ಓನ್ಲಿ” ಎಂದು ಹೇಳಿ ಫೋನನ್ನು ಬಕಿತ್‌ರ ಕೈಗೆ ಕೊಟ್ಟು, ಅವರ ಮುಖ ನೋಡದೆ ಗಾಡಿಯ ಹಿಂದಿನ ಸೀಟಿಗೆ ಹೋಗಿ ಕೂತರು. ಬಕಿತ್ ಕೇಳಿಸಿಕೊಂಡರು, ಎರಡು ಸಲ ಹೂಂ ಅಂದರು. ಫೋನು ಜೇಬಿಗಿಟ್ಟು, ಸಿಗರೇಟು ಹಚ್ಚಿಕೊಳ್ಳಲು ಹೋಗಿ, ಸಾಕೆಟ್ಟಿನ ಫ್ಯೂಸು ನಾನು ಕಿತ್ತದ್ದು ನೆನಪಾಗಿ ನಕ್ಕರು. ಬಿಷ್ಕೆಕ್‌ನಿಂದ ಹೊರಟ ಗಾಡಿ ಅರ್ಧ ದಾರಿಯಿಂದ ತಿರುಗಿತ್ತು. ಮುಂದಿನ ವಾರ ಬರುವವರನ್ನೂ ಇವರೇ ಕರೆದೊಯ್ಯಬೇಕಂತೆ.

ದೊಲೋನ್

ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಯಾರೂ ಕೂರಿಸಲಿಲ್ಲ, ತಾವೇ ಹತ್ತಿದರು. ಲಾರಿ ದಾಟುವಾಗ ಕತ್ತು ಚಾಚಿ ನೋಡಿ, ಮಾವನಿಗಿಂತ ಸರಿಯಾಗಿ ದಾರಿ ಹೇಳಿದರು. ನಾನೂ ಮಾವನೂ ಹಿಂದೆ, ನಡುವೆ ಗುಲ್ಮಿರಾ ಕಟ್ಟಿಕೊಟ್ಟ ರೊಟ್ಟಿಯ ಗಂಟು.

ಘಟ್ಟ ಅಂದರೆ ನಮ್ಮ ಘಟ್ಟದ ಹಾಗೆ ಮರವಿಲ್ಲ, ಹೊಳೆಯ ಸದ್ದಿಲ್ಲ. ಬೋಳು ಹುಲ್ಲು, ಮೇಲೆ ಮೇಲೆ ಹಿಮ, ಅಲ್ಲಲ್ಲಿ ಯಾರೂ ಕಾಯದ ಕುದುರೆಗಳು. ಎತ್ತರ ಏರಿದಂತೆ ಗಾಜಿನ ಮೇಲೆ ಮತ್ತೆ ಬಿಳಿ ಕೂರಲು ಶುರುವಾಯಿತು. ಬಕಿತ್ ಸ್ವಿಚ್ಚನ್ನು ಮೂರಕ್ಕೆ ತಿರುಗಿಸಿದರು. ಗಾಜು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಿಳಿಯಾಗುತ್ತಾ ಹೋಯಿತು. ಮೊದಲು ರಸ್ತೆ, ಆಮೇಲೆ ತಿರುವು, ಆಮೇಲೆ ಘಟ್ಟದ ನೆತ್ತಿ.

ನನ್ನ ವರ್ಕ್‌ಶಾಪಿನಲ್ಲಿ ಮೋಟಾರುಗಳನ್ನು ಎಷ್ಟೋ ಬಿಚ್ಚಿಸಿದ್ದೇನೆ, ಕೂರಿಸಿದ್ದೇನೆ. ಒಂದು ಗಾಜು ಹೀಗೆ ತಿಳಿಯಾಗುವುದನ್ನು ಇಷ್ಟು ಹೊತ್ತು ಕೂತು ನೋಡಿರಲಿಲ್ಲ.

ಮಾವ ಕೋಟಿನ ಗುಂಡಿ ಬಿಚ್ಚಿದರು. ಟೋಪಿ ತೆಗೆದರು. ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಕೊಚ್ಕೋರ್ ಬಿಟ್ಟ ಮೇಲೆ ಮೊದಲ ಸಲ ಬಾಯಿ ಬಿಟ್ಟರು.

“ಭಾಗ್ಯ, ಒಂಚೂರು ಕಮ್ಮಿ ಮಾಡಕ್ಕೆ ಹೇಳು. ಬೆವರ್ತಾ ಐತೆ.”

ಗಾಜಿನ ಆಚೆ ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು. ನಾನು ಹೇಳಲಿಲ್ಲ.